ಮಾಡೆಲ್ ಆಮೇಲೆ, ಬೂಷ್ಟು ಮೊದಲು: ಕೊಡಗಿನಲ್ಲಿ ಕಡಿಮೆ ದುಡ್ಡಿಗೆ ಹಳೇ ಫಿಲ್ಮ್ ಕ್ಯಾಮರಾ ಆರಿಸುವುದು ಹೇಗೆ

ಹಳೇ ಫಿಲ್ಮ್ ಕ್ಯಾಮರಾ ತಗೊಳ್ಳಬೇಕು ಅನ್ನುವವರು ಮೊದಲು ಕೇಳುವುದು ಯಾವ ಮಾಡೆಲ್ ಒಳ್ಳೆಯದು ಅಂತ. ನಮ್ಮ ಕೊಡಗಿನಲ್ಲಿ ಅದು ಎರಡನೇ ಪ್ರಶ್ನೆ. ಆ ಕ್ಯಾಮರಾ ಇಷ್ಟು ವರ್ಷ ಎಲ್ಲಿ ಕೂತಿತ್ತು ಅನ್ನುವುದು ಮೊದಲನೆಯದು. ಜೂನ್‌ನಿಂದ ಸೆಪ್ಟೆಂಬರ್ ತನಕ ಬೀರುವಿನಲ್ಲಿಟ್ಟ ಬೆಲ್ಟು, ಬೂಟು, ಮದುವೆ ಕೋಟು ಎಲ್ಲಕ್ಕೂ ಬೂಷ್ಟು ಹಿಡಿಯುವ ಊರು ಇದು. ಚರ್ಮದ ಕೇಸಿನೊಳಗೆ ಮುಚ್ಚಿಟ್ಟ ಲೆನ್ಸ್ ಮಾತ್ರ ಬಚಾವಾಗುತ್ತದೆಯೇ? ಒಳಗಿನ ಗಾಜಿಗೆ ಫಂಗಸ್ ಬಂತು ಅಂದರೆ ಅದರ ಮೇಲೆ ಎಷ್ಟು ದೊಡ್ಡ ಕಂಪನಿಯ ಹೆಸರಿದ್ದರೂ ಉಪಯೋಗ ಇಲ್ಲ. ತೇವವಿಲ್ಲದ ಕಡೆ ಜೋಪಾನವಾಗಿದ್ದ ಸಾಧಾರಣ ಕ್ಯಾಮರಾವೇ ಎಷ್ಟೋ ವಾಸಿ.

ಇದು ಮೊದಲ ಸಲ ರೋಲ್ ಹಾಕುವವರಿಗಾಗಿ ಬರೆದದ್ದು. 35 ಎಂಎಂ ಫಿಲ್ಮ್ ಹಿಡಿಯುವ, ಲೆನ್ಸ್ ಬಿಚ್ಚಿ ಹಾಕಬಹುದಾದ ಎಸ್ಎಲ್ಆರ್ ಕ್ಯಾಮರಾ ಬಗ್ಗೆ ಮಾತ್ರ ಹೇಳುತ್ತೇನೆ. ಕಲಿಯುವವರಿಗೆ ಅದೇ ಸುಲಭ. ವ್ಯೂಫೈಂಡರಿನಲ್ಲಿ ಕಂಡದ್ದೇ ಫೋಟೋದಲ್ಲಿ ಬರುತ್ತದೆ, ಫೋಕಸ್ ಸರಿಯಿದೆಯೋ ಇಲ್ಲವೋ ಕಣ್ಣಿಗೇ ಗೊತ್ತಾಗುತ್ತದೆ.

1. ದುಡ್ಡನ್ನು ಮೊದಲೇ ಹಂಚಿಕೊಳ್ಳಿ

ಕೈಯಲ್ಲಿ 15,000 ರೂಪಾಯಿ ಇದೆ ಅಂತಿಟ್ಟುಕೊಳ್ಳಿ. ಅಷ್ಟನ್ನೂ ಕ್ಯಾಮರಾಕ್ಕೆ ಸುರಿಯಬೇಡಿ. ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮರಾ), ಲೆನ್ಸ್ ಎರಡೂ ಸೇರಿ 8,000–9,000ದೊಳಗೆ ಮುಗಿಸಿ. 2,000 ಸರ್ವಿಸ್‌ಗೆ ಅಂತ ಎತ್ತಿಡಿ, ಬೇಕಾಗದೆ ಹೋದರೆ ಒಳ್ಳೆಯದೇ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರ್, ಇವಕ್ಕೆ ಸಾವಿರದೊಳಗೆ ಸಾಕು. ಉಳಿದದ್ದು ರೋಲಿಗೆ.

ರೋಲಿನ ಲೆಕ್ಕವನ್ನು ಸುಮಾರು ಜನ ಹಾಕುವುದೇ ಇಲ್ಲ. ಒಂದು ಕಲರ್ ರೋಲ್ ಈಗ ಸಾವಿರ ರೂಪಾಯಿಯ ಆಸುಪಾಸಿನಲ್ಲಿದೆ. ತೊಳೆಸಿ ಸ್ಕ್ಯಾನ್ ಮಾಡಿಸುವುದಕ್ಕೆ, ಕೊರಿಯರಿಗೆ ಅಂತ ಇನ್ನೊಂದು ಐದಾರು ನೂರು. 36 ಫೋಟೋಗೆ ಹಂಚಿದರೆ ಒಂದು ಕ್ಲಿಕ್ಕಿಗೆ ನಲವತ್ತು ರೂಪಾಯಿಗಿಂತ ಜಾಸ್ತಿ. ಹದಿನೈದು ಸಾವಿರದ ಕ್ಯಾಮರಾ ತಗೊಂಡು ಎರಡನೇ ರೋಲಿಗೆ ದುಡ್ಡಿಲ್ಲದೆ ಬೀರುವಿಗೆ ಸೇರಿಸಿದರೆ ಏನು ಬಂತು?

ಖರ್ಚು ಇಳಿಸುವ ದಾರಿ ಕಪ್ಪು-ಬಿಳುಪು. ಕಲರ್ ರೋಲ್ ತೊಳೆಯಲು ಕೆಮಿಕಲ್ 38 ಡಿಗ್ರಿಯಲ್ಲಿ ಅಲುಗಾಡದೆ ನಿಲ್ಲಬೇಕು. ಕಪ್ಪು-ಬಿಳುಪಿಗೆ 20 ಡಿಗ್ರಿ ಸಾಕು. ಬೆಂಗಳೂರಿನ ಬೇಸಿಗೆಯಲ್ಲಿ ಅದಕ್ಕೆ ಐಸ್ ಹಾಕಬೇಕಾಗುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ನಲ್ಲಿ ನೀರೇ ಹತ್ತಿರ ಹತ್ತಿರ ಅಲ್ಲಿಗೆ ಬಂದಿರುತ್ತದೆ. ನಾಲ್ಕೈದು ರೋಲ್ ಆದಮೇಲೆ ಇದನ್ನು ಮನೆಯಲ್ಲೇ ಕಲಿಯಬಹುದು, ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

2. ಮನೆಯವರನ್ನು ಕೇಳಿ

ಕೊಡಗಿನಲ್ಲಿ ಫೌಜಿನಿಂದ ರಿಟೈರ್ ಆದವರು, ಗಲ್ಫಿಗೆ ಹೋಗಿ ಬಂದವರು ಇಲ್ಲದ ಕುಟುಂಬ ಕಡಿಮೆ. ಅವರಲ್ಲಿ ಯಾರ ಮನೆಯಲ್ಲಾದರೂ ಒಂದು ಕ್ಯಾಮರಾ ಇದ್ದೇ ಇರುತ್ತದೆ. ನಾಲ್ಕು ಜನ ಸೇರಿದ ಕಡೆ ಒಂದು ಮಾತು ಹಾಕಿ ನೋಡಿ: "ಮಾವ, ನಿಮ್ಮ ಹತ್ರ ಹಳೇ ರೋಲ್ ಕ್ಯಾಮರಾ ಏನಾದ್ರೂ ಇದ್ಯಾ?" ಬಿಟ್ಟಿಯಾಗಿ ಸಿಕ್ಕರೂ ಸಿಗಬಹುದು.

ಸಿಕ್ಕಿದ್ದೆಲ್ಲ ಕೆಲಸಕ್ಕೆ ಬರುತ್ತದೆ ಅಂತಲ್ಲ. ಯಾಶಿಕಾ ಎಂಎಫ್-2, ಕೊಡಾಕ್ ಕೆಬಿ10 ಥರದ ಪ್ಲಾಸ್ಟಿಕ್ ಕ್ಯಾಮರಾ ಸಿಕ್ಕರೆ ಒಂದು ರೋಲ್ ಹಾಕಿ ಖುಷಿಪಡಿ, ಆದರೆ ಅದರಲ್ಲಿ ನೀವು ತಿರುಗಿಸಿ ಕಲಿಯುವಂಥದ್ದು ಏನೂ ಇಲ್ಲ. ಆಗ್ಫಾ ಕ್ಲಿಕ್ III ಸಿಕ್ಕರೆ ಅದಕ್ಕೆ ಬೇಕಾದ್ದು 120 ಎಂಬ ಅಗಲದ ರೋಲ್, ಒಂದಕ್ಕೆ ಹನ್ನೆರಡೇ ಫೋಟೋ. ಶೋಕೇಸಿಗೆ ಚಂದ. ಎಸ್ಎಲ್ಆರ್ ಸಿಕ್ಕಿತೋ, ನೇರವಾಗಿ ಐದನೇ ಹಂತಕ್ಕೆ ಹೋಗಿ ಪರೀಕ್ಷೆ ಮಾಡಿ. ಮಾವನ ಕ್ಯಾಮರಾ ಅಂತ ರಿಯಾಯಿತಿ ಬೇಡ.

3. ಬಾಡಿ ಯಾವುದು?

ಬ್ಯಾಟರಿ ಇಲ್ಲದಿದ್ದರೂ ಶಟರ್ (ಫಿಲ್ಮಿಗೆ ಬೆಳಕು ಬಿಡುವ ಪರದೆ) ಹೊಡೆಯುವ, ಪೂರ್ತಿ ಮೆಕ್ಯಾನಿಕಲ್ ಬಾಡಿ ಹುಡುಕಿ. ಅಂಥದ್ದರಲ್ಲಿ ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಮೀಟರ್ ಸತ್ತಿದ್ದರೂ ನಡೆಯುತ್ತದೆ, ಯಾಕೆಂದರೆ ಮೊಬೈಲಿನಲ್ಲಿ ಬಿಟ್ಟಿ ಲೈಟ್ ಮೀಟರ್ ಆ್ಯಪ್ ಸಿಗುತ್ತವೆ, ಅವಕ್ಕೆ ನೆಟ್‌ವರ್ಕ್ ಕೂಡ ಬೇಡ. ಮಾಂದಲಪಟ್ಟಿಯ ತುದಿಯಲ್ಲೂ ಕೆಲಸ ಮಾಡುತ್ತವೆ. "ಮೀಟರ್ ಓಡಲ್ಲ" ಅಂತ ಮಾರುವವರೇ ಬೆಲೆ ಇಳಿಸಿದ್ದರೆ ಒಳಗೊಳಗೇ ಖುಷಿಪಟ್ಟು ತಗೊಳ್ಳಿ.

ನನ್ನ ಮೊದಲ ಓಟು ಪೆಂಟಾಕ್ಸ್ ಕೆ1000ಕ್ಕೆ. 1976ರಿಂದ 1997ರ ತನಕ ಬಂದ ಕ್ಯಾಮರಾ. ಮೀಟರಿನ ಮುಳ್ಳು ನಡುವೆ ನಿಲ್ಲುವ ಹಾಗೆ ರಿಂಗ್ ತಿರುಗಿಸಿ ಒತ್ತುವುದು, ಅಷ್ಟೇ ಕೆಲಸ. ಒಂದು ಎಲ್ಆರ್44 ಬಟನ್ ಸೆಲ್ ಸಾಕು. ಇದರ ಮೀಟರಿಗೆ ಆಫ್ ಮಾಡುವ ಸ್ವಿಚ್ ಇಲ್ಲ, ಲೆನ್ಸಿನ ಮುಚ್ಚಳ ಹಾಕಿದರೇ ಆಫ್ ಆದ ಹಾಗೆ. ಮುಚ್ಚಳ ಹಾಕದೆ ಇಟ್ಟರೆ ಸೆಲ್ ಖಾಲಿ. ತೊಂದರೆ ಏನೆಂದರೆ ಇದರ ಹೆಸರು ಎಲ್ಲರಿಗೂ ಗೊತ್ತಾಗಿ ಬೆಲೆ ಏರಿದೆ.

ನಮ್ಮ ಕಡೆ ಅದಕ್ಕಿಂತ ಸುಲಭವಾಗಿ ಸಿಗುವುದು ಯಾಶಿಕಾ ಎಫ್ಎಕ್ಸ್-3, ಅದರ ತಮ್ಮ ಎಫ್ಎಕ್ಸ್-3 ಸೂಪರ್ 2000, ಮತ್ತು ನಿಕಾನ್ ಎಫ್ಎಂ10. ಸ್ಟುಡಿಯೋದವರು ಮದುವೆ, ಗೃಹಪ್ರವೇಶಕ್ಕೆಲ್ಲ ಹೊತ್ತು ತಿರುಗಿದ ಕ್ಯಾಮರಾಗಳು ಇವು. ಯಾಶಿಕಾದ ಹೊರಗಿನ ಕಪ್ಪು ರೆಕ್ಸಿನ್ ಕಿತ್ತು ಉದುರುವುದು ಮಾಮೂಲಿ. ಅದು ಒಳ್ಳೆಯ ವಿಷಯ, ಚೌಕಾಸಿಗೆ ಆಗುತ್ತದೆ. ಒಳಗಿನ ಮೆಕ್ಯಾನಿಸಂಗೂ ರೆಕ್ಸಿನ್‌ಗೂ ಸಂಬಂಧ ಇಲ್ಲ, ಹಳೇದನ್ನು ಕಿತ್ತು ಬೇರೆ ಅಂಟಿಸಿದರಾಯಿತು. ಎಫ್ಎಂ10 ನೋಡಲು ಪ್ಲಾಸ್ಟಿಕ್, ಕೈಗೆ ಹಗುರ. ಅದನ್ನು ಕೀಳಾಗಿ ನೋಡುವವರಿದ್ದಾರೆ, ನಾನು ನೋಡುವುದಿಲ್ಲ. 1995ರ ಈಚಿನದು, ಹಾಗಾಗಿ ಉಳಿದವಕ್ಕಿಂತ ವಯಸ್ಸು ಕಡಿಮೆ. ನಿಕಾನ್ ಡಿಜಿಟಲ್ ಇಟ್ಟುಕೊಂಡ ಗೆಳೆಯರಿದ್ದರೆ ಅವರ ಹಳೇ 50 ಎಂಎಂ ಡಿ ಲೆನ್ಸ್ ಇದಕ್ಕೆ ಕೂರುತ್ತದೆ. ಜಿ ಅಂತ ಬರೆದ ಲೆನ್ಸ್ ಬೇಡ, ಅದರಲ್ಲಿ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಅಪರ್ಚರ್ ರಿಂಗೇ ಇಲ್ಲ.

ರಷ್ಯಾದ ಝೆನಿಟ್ ಇನ್ನೂ ಅಗ್ಗಕ್ಕೆ ಸಿಗುವುದುಂಟು. ಕಬ್ಬಿಣದ ಭಾರ. ಜೊತೆಗೆ ಬರುವ ಹೀಲಿಯೋಸ್ 44-2, 58 ಎಂಎಂ ಲೆನ್ಸಿಗೆ ಇವತ್ತಿಗೂ ಅಭಿಮಾನಿಗಳಿದ್ದಾರೆ. ಆದರೆ ಝೆನಿಟ್-ಇ ಶಟರ್ ಶುರುವಾಗುವುದೇ 1/30 ಸೆಕೆಂಡಿನಿಂದ. ಅದಕ್ಕಿಂತ ನಿಧಾನ ಬೇಕಾದರೆ ಡಯಲನ್ನು ಬಲ್ಬ್ (B) ಎಂಬ ಗುರುತಿಗಿಟ್ಟು ಬೆರಳಲ್ಲೇ ಒತ್ತಿ ಹಿಡಿಯಬೇಕು. ನಮ್ಮ ಮಬ್ಬು ಬೆಳಕಿನ ಊರಿಗೆ ಇದು ಸ್ವಲ್ಪ ಕಿರಿಕಿರಿಯೇ.

ಕ್ಯಾನನ್ ಎಇ-1 ಚಂದದ ಕ್ಯಾಮರಾ, ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಅದರ ಶಟರ್ ಎಲೆಕ್ಟ್ರಾನಿಕ್. 4ಎಲ್ಆರ್44 ಎಂಬ 6 ವೋಲ್ಟ್ ಬ್ಯಾಟರಿ ಇಲ್ಲದೆ ಅಲ್ಲಾಡುವುದಿಲ್ಲ. ಆ ಬ್ಯಾಟರಿ ಗೋಣಿಕೊಪ್ಪದ ಅಂಗಡಿಯಲ್ಲಿ ಸಿಕ್ಕರೆ ನಿಮ್ಮ ಪುಣ್ಯ, ಒಂದು ಎಕ್ಸ್‌ಟ್ರಾ ತರಿಸಿ ಬ್ಯಾಗಿನಲ್ಲಿ ಇಟ್ಟುಕೊಂಡೇ ಇರಬೇಕು. ತೇವಕ್ಕೆ ಒಳಗಿನ ಸರ್ಕ್ಯೂಟ್ ಹೋದರೆ ರಿಪೇರಿ ಮಾಡುವವರೂ ಕಮ್ಮಿ. ಒತ್ತಿದಾಗ ಕ್ಲಿಕ್ ಬದಲು ಕೀರಲು ಸದ್ದು ಬಂದರೆ ಒಳಗೆ ಎಣ್ಣೆ ಒಣಗಿದೆ ಅಂತ ಅರ್ಥ. ಸರ್ವಿಸ್ ಖರ್ಚು ಕಳೆದು ಬೆಲೆ ಕೇಳಿ.

ಇನ್ನೊಂದು ದಾರಿಯೂ ಇದೆ, ಕೆಲವರಿಗೆ ಅದೇ ಸರಿ. ಮನೆಯಲ್ಲಿ ಈಗಾಗಲೇ ಕ್ಯಾನನ್ ಡಿಜಿಟಲ್ ಇದ್ದು, ಅದಕ್ಕೆ 50 ಎಂಎಂ ಇಎಫ್ ಲೆನ್ಸ್ ಇದ್ದರೆ, ಇಒಎಸ್ 300 ಥರದ ಆಟೋಫೋಕಸ್ ಫಿಲ್ಮ್ ಬಾಡಿ ತಗೊಳ್ಳಿ. ಇವನ್ನು ಕೇಳುವವರು ಕಮ್ಮಿ, ಹಾಗಾಗಿ ಬೆಲೆಯೂ ಕಮ್ಮಿ. ಇಎಫ್-ಎಸ್ ಅಂತ ಬರೆದ ಲೆನ್ಸ್ ಮಾತ್ರ ಇವಕ್ಕೆ ಕೂರುವುದಿಲ್ಲ.

4. ಎಲ್ಲಿ ಹುಡುಕುವುದು, ಏನು ಕೇಳುವುದು

ಮೊದಲು ಊರಿನ ಹಳೇ ಸ್ಟುಡಿಯೋಗಳು. ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಎಲ್ಲೇ ಇರಲಿ, ಡಿಜಿಟಲ್ ಬರುವ ಮೊದಲಿನಿಂದ ಇರುವ ಸ್ಟುಡಿಯೋ ಆದರೆ ಒಳಗಿನ ಕಪಾಟಿನಲ್ಲಿ ಒಂದೆರಡು ಬಾಡಿ ಉಳಿದಿರುತ್ತವೆ. ಅವರು ಕ್ಯಾಮರಾದಲ್ಲೇ ಹೊಟ್ಟೆ ಹೊರೆದವರು, ಇಡುವ ರೀತಿ ಗೊತ್ತಿರುತ್ತದೆ. ಸುಮ್ನೆ "ರೇಟ್ ಎಷ್ಟಣ್ಣ?" ಅಂತ ಶುರುಮಾಡಬೇಡಿ. ಕೂತು ಎರಡು ಮಾತಾಡಿ. ಯಾವ ಮದುವೆಗೆ ಎಷ್ಟು ರೋಲ್ ಓಡಿತ್ತು ಅನ್ನುವ ಕಥೆ ಬರುತ್ತದೆ, ಅದರ ಹಿಂದೆಯೇ ಫ್ಲ್ಯಾಷು, ಬ್ಯಾಗು, ಫಿಲ್ಟರ್ ಕೂಡ ಬರಬಹುದು.

ಎರಡನೆಯದು ಬೆಂಗಳೂರು, ಮೈಸೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳು. ಬೆಲೆ ಜಾಸ್ತಿ, ಆದರೆ ಕೈಯಲ್ಲಿ ಹಿಡಿದು ನೋಡಬಹುದು, ಕೆಲವರು ಒಂದು ತಿಂಗಳ ಗ್ಯಾರಂಟಿಯನ್ನೂ ಕೊಡುತ್ತಾರೆ. ಚಿಕ್ಕಪೇಟೆಯ ಭಾನುವಾರದ ಚೋರ್ ಬಜಾರಿನಲ್ಲೂ ಕ್ಯಾಮರಾ ಬರುತ್ತವೆ. ಐದನೇ ಹಂತದ ಪರೀಕ್ಷೆ ಬಾಯಿಪಾಠ ಆಗುವ ತನಕ ಆ ಕಡೆ ಬೇಡ.

ಮೂರನೆಯದು ಆನ್‌ಲೈನ್. ಇಲ್ಲಿ ಫೋನಿನಲ್ಲೇ ಅರ್ಧ ಪರೀಕ್ಷೆ ಮುಗಿಸಬೇಕು. ಹೀಗೆ ಕೇಳಿ: "ಸರ್, ಕ್ಯಾಮರಾ ಇಷ್ಟು ದಿನ ಯಾವ ಊರಲ್ಲಿ ಇತ್ತು? ಹಿಂದಿನ ಬಾಗಿಲು ತೆಗೆದು ಒಂದು ಫೋಟೋ ಕಳಿಸ್ತೀರಾ? ಲೆನ್ಸಿಗೆ ಟಾರ್ಚ್ ಬಿಟ್ಟು ಒಂದು ವಿಡಿಯೋ ಮಾಡಿ. 1 ಸೆಕೆಂಡಲ್ಲಿ ಒಂದ್ಸಲ, 1/1000ದಲ್ಲಿ ಒಂದ್ಸಲ ಶಟರ್ ಹೊಡೆದು ತೋರಿಸಿ." ಮಾರುವ ಮನಸ್ಸಿದ್ದವರು ಹತ್ತು ನಿಮಿಷದಲ್ಲಿ ಕಳಿಸುತ್ತಾರೆ. "ಕಂಡಿಷನ್ ಸೂಪರ್, ಅಜ್ಜನ ಕ್ಯಾಮರಾ, ಟೆಸ್ಟ್ ಮಾಡಿಲ್ಲ" ಅಂತ ಉತ್ತರ ಬಂದರೆ ಅದನ್ನು ಕೆಟ್ಟ ಕ್ಯಾಮರಾ ಅಂತಲೇ ಲೆಕ್ಕ ಹಾಕಿ, ಆ ಬೆಲೆಗೆ ಕೊಟ್ಟರೆ ಮಾತ್ರ ತಗೊಳ್ಳಿ.

ಊರಿನ ಪ್ರಶ್ನೆ ಯಾಕೆ ಅಂದರೆ, ಭಾಗಮಂಡಲದ ಮನೆಯಲ್ಲಿದ್ದ ಲೆನ್ಸಿಗೂ ಚಿತ್ರದುರ್ಗದ ಮನೆಯಲ್ಲಿದ್ದ ಲೆನ್ಸಿಗೂ ಅಜಗಜಾಂತರ. ಕೊಡಗಿನೊಳಗೇ ನೋಡಿ, ಕುಶಾಲನಗರದ ಕಡೆ ಮಳೆ ಎಷ್ಟು ಕಡಿಮೆ! ಮಂಗಳೂರು, ಕಣ್ಣೂರು, ಕೊಚ್ಚಿ ಕಡೆಯಿಂದ ಬರುವ ಲೆನ್ಸಾದರೆ ಎರಡೆರಡು ಸಲ ನೋಡಿ. ನನ್ನ ಕೇಳಿದರೆ, ಕೊಡಗಿನೊಳಗೆ ಕೊಳ್ಳುವುದಾದರೆ ಅಕ್ಟೋಬರ್ ಕಳೆದ ಮೇಲೆ ಕೊಳ್ಳಿ. ಆ ವರ್ಷದ ಮಳೆಗಾಲದಲ್ಲಿ ಬರಬೇಕಾದ ಬೂಷ್ಟು ಅಷ್ಟರಲ್ಲಿ ಬಂದು ಕಣ್ಣಿಗೆ ಕಾಣುತ್ತಿರುತ್ತದೆ.

ದುಡ್ಡಿನ ವಿಷಯದಲ್ಲಿ ಒಂದು ಎಚ್ಚರಿಕೆ. "ನಾನು ಆರ್ಮಿಯಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ, ಅರ್ಜೆಂಟಾಗಿ ಮಾರ್ತಿದ್ದೀನಿ" ಅಂತ ಐಡಿ ಕಾರ್ಡ್ ಫೋಟೋ ಕಳಿಸಿ, ಕೊರಿಯರಿಗೆ ಅಂತ ಅಡ್ವಾನ್ಸ್ ಕೇಳುವ ಮೋಸ ದೇಶದ ತುಂಬ ಇದೆ. ಫೌಜಿ ಅಂದ ಕೂಡಲೇ ಎದ್ದು ನಿಂತು ಕೈಮುಗಿಯುವ ಊರು ನಮ್ಮದು, ಅದಕ್ಕೇ ಬೇಗ ನಂಬಿಬಿಡುತ್ತೇವೆ. ಕ್ಯಾಮರಾ ನೋಡದೆ ಅಡ್ವಾನ್ಸ್ ಹಾಕಬೇಡಿ. ದುಡ್ಡು ಬರಬೇಕಾದರೆ ಪಿನ್ ಒತ್ತುವ ಕೆಲಸವೇ ಇಲ್ಲ ಅನ್ನುವುದೂ ನೆನಪಿರಲಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

5. ಕೈಗೆ ಬಂದ ಮೇಲೆ: ಟಾರ್ಚ್, ಬೆಟ್ಟ, ಬೆರಳು

ಇಲ್ಲಿ ಅವಸರ ಬೇಡ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಮೊದಲು ಲೆನ್ಸ್. ಬಾಡಿಯಿಂದ ಬಿಚ್ಚಿ. ಅಪರ್ಚರ್ ರಿಂಗನ್ನು ಎಲ್ಲಕ್ಕಿಂತ ಚಿಕ್ಕ ನಂಬರಿಗೆ, ಅಂದರೆ 2 ಅಥವಾ 1.8ಕ್ಕೆ, ತಿರುಗಿಸಿ. ಒಳಗಿನ ಅಪರ್ಚರಿನ ರೆಕ್ಕೆಗಳು ಪೂರ್ತಿ ತೆರೆದು ಒಳಗೆಲ್ಲ ಕಾಣಬೇಕು. ಕೋಣೆಯ ಲೈಟ್ ಆರಿಸಿ. ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಆಮೇಲೆ ತಿರುಗಿಸಿ, ಮುಂದಿನಿಂದ ಬೆಳಕು ಬಿಟ್ಟು ಹಿಂದಿನಿಂದ ನೋಡಿ. ಟಾರ್ಚನ್ನು ಮೆಲ್ಲಗೆ ಸುತ್ತಿಸಿ. ಯಾವ ಕೋನದಲ್ಲಿ ಏನು ಕಾಣುತ್ತದೆ ಅಂತ ಹೇಳಲಾಗದು. ನೇರವಾಗಿ ನೋಡಿದಾಗ ಫಳಫಳ ಇದ್ದ ಗಾಜು ಓರೆ ಬೆಳಕಿನಲ್ಲಿ ತನ್ನ ಚರಿತ್ರೆಯನ್ನೆಲ್ಲ ಹೇಳುತ್ತದೆ.

ಕಾಣಬಹುದಾದದ್ದು ಮೂರು. ಚುಕ್ಕಿ ಚುಕ್ಕಿ ಧೂಳು: ಹಳೇ ಲೆನ್ಸಿನಲ್ಲಿ ಇದ್ದೇ ಇರುತ್ತದೆ, ಫೋಟೋದಲ್ಲಿ ಬರುವುದಿಲ್ಲ, ಬಿಟ್ಟುಬಿಡಿ. ಮಸುಕು: ಇಡೀ ಗಾಜಿನ ಮೇಲೆ ತೆಳ್ಳಗೆ ಮಂಜು ಕವಿದ ಹಾಗೆ ಇರುತ್ತದೆ. ಸೂರ್ಯನ ಎದುರು ಫೋಟೋ ತೆಗೆದರೆ ಎಲ್ಲ ಪೇಲವ ಆಗುತ್ತದೆ. ಮೂರನೆಯದು ಫಂಗಸ್. ಅಂಚಿನಿಂದ ಒಳಕ್ಕೆ ಕವಲೊಡೆಯುತ್ತ ಬಂದ ಸಣ್ಣ ಬಿಳಿ ಎಳೆಗಳು. ಅಂಚಿನಲ್ಲಿ ಒಂದೆರಡು ಎಳೆ ಮಾತ್ರ ಇದ್ದು ಬೆಲೆ ತೀರಾ ಕಮ್ಮಿಯಾದರೆ ಕ್ಲೀನ್ ಮಾಡಿಸಬಹುದು. ನಡುವಿನವರೆಗೂ ಬಂದಿದ್ದರೆ ಬೇಡವೇ ಬೇಡ. ಫಂಗಸ್ ಬಿಡುವ ಆಮ್ಲ ಗಾಜಿನ ಮೇಲಿನ ಕೋಟಿಂಗನ್ನೇ ತಿನ್ನುತ್ತದೆ, ಎಳೆ ಒರೆಸಿದರೂ ಗುರುತು ಉಳಿಯುತ್ತದೆ. ಅಂಥ ಲೆನ್ಸನ್ನು ಮನೆಯ ಬೇರೆ ಲೆನ್ಸಿನ ಜೊತೆ ಒಂದೇ ಡಬ್ಬದಲ್ಲಿ ಇಡದಿರುವುದು ಕ್ಷೇಮ.

ಈಗ ರಿಂಗನ್ನು 16ಕ್ಕೆ ತಿರುಗಿಸಿ, ಲೆನ್ಸಿನ ಹಿಂದಿರುವ ಪುಟ್ಟ ಲಿವರನ್ನು ಬೆರಳಲ್ಲಿ ತಳ್ಳಿ ಬಿಡಿ. ರೆಕ್ಕೆಗಳು ಪಟ್ಟಂತ ಆಡಬೇಕು. ಮೆಲ್ಲಗೆ ಎಳೆದುಕೊಂಡು ಬಂದರೆ ಎಣ್ಣೆ ಇಳಿದಿದೆ. ಬಾಡಿ, ಲೆನ್ಸ್ ಬೇರೆ ಬೇರೆ ಕಡೆ ತಗೊಳ್ಳುವುದಾದರೆ ಮೌಂಟ್ (ಲೆನ್ಸ್ ಬಾಡಿಗೆ ಕೂರುವ ಜಾಗ) ಹೊಂದುತ್ತದಾ ಅಂತ ಹಾಕಿ ನೋಡಿಯೇ ದುಡ್ಡು ಕೊಡಿ. ಪೆಂಟಾಕ್ಸ್ ಕೆ, ಯಾಶಿಕಾ, ನಿಕಾನ್, ಝೆನಿಟ್‌ನ ಎಂ42 ತಿರುಪು, ಎಲ್ಲ ಬೇರೆ ಬೇರೆ.

ಬಾಡಿಗೆ ಬನ್ನಿ. ಹಿಂಬಾಗಿಲು ತೆರೆದು ಕಿಟಕಿಯ ಕಡೆ ಹಿಡಿಯಿರಿ. ಶಟರನ್ನು 1 ಸೆಕೆಂಡಿಗೆ ಇಟ್ಟು ಒತ್ತಿ, ಆಮೇಲೆ 1/2, 1/4, ಹೀಗೆ ಒಂದೊಂದೇ ಮೇಲೆ ಹೋಗಿ. ನಿಧಾನದ ಸ್ಪೀಡುಗಳಲ್ಲಿ ಒಳಗೆ ಗಿಯರ್ ತಿರುಗುವ ಕಿರ್ ಸದ್ದು ಒಂದೇ ಲಯದಲ್ಲಿ ಬರಬೇಕು. ನಡುವೆ ತಡವರಿಸಿದರೆ, ತೆರೆದು ಹಾಗೇ ನಿಂತರೆ, ಸರ್ವಿಸ್ ಬೇಕು. 1/1000ದಲ್ಲಿ ಒಂದು ಮಿಂಚು ಕಾಣಬೇಕು, ಏನೂ ಕಾಣದಿದ್ದರೆ ಶಟರಿನ ಪರದೆ ತೆರೆಯುತ್ತಿಲ್ಲ. ಫೋನಿನಲ್ಲಿ ಸ್ಲೋ ಮೋಷನ್ ಇದ್ದರೆ ಇನ್ನೂ ಚೆನ್ನಾಗಿ ಹಿಡಿಯಬಹುದು. ಸೆಕೆಂಡಿಗೆ 240 ಫ್ರೇಮಿನಲ್ಲಿ ವಿಡಿಯೋ ಮಾಡಿ. 1/30ಕ್ಕೆ ಸುಮಾರು 8 ಫ್ರೇಮು, 1/60ಕ್ಕೆ ಸುಮಾರು 4 ಫ್ರೇಮು ಬೆಳಕು ಕಾಣಬೇಕು. ಒಂದು ಫ್ರೇಮು ಆಚೀಚೆ ಆದರೆ ಚಿಂತೆ ಇಲ್ಲ. ಬಟ್ಟೆಯ ಪರದೆ ಇರುವ ಕೆ1000, ಝೆನಿಟ್ ಆದರೆ ಪರದೆಯಲ್ಲಿ ಸೂಜಿಮೊನೆಯಷ್ಟು ತೂತು ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿ.

ಸೆಲ್ಫ್ ಟೈಮರ್ ಲಿವರ್ ಇದ್ದರೆ ಮುಟ್ಟಬೇಡಿ. ಹಳೇ ಕ್ಯಾಮರಾದಲ್ಲಿ ಅದು ಅರ್ಧಕ್ಕೆ ನಿಂತು, ಶಟರನ್ನೂ ಹಿಡಿದು ಕೂರುವುದುಂಟು. ನಿಮಗೆ ಅದರಿಂದ ಆಗಬೇಕಾದ್ದೂ ಏನಿಲ್ಲ.

ಬಾಗಿಲಿನ ಅಂಚಿನಲ್ಲಿ, ಒಳಗಿನ ಕನ್ನಡಿಯ ಮೇಲ್ಗಡೆ ಕಪ್ಪು ಸ್ಪಂಜಿನ ಪಟ್ಟಿ ಇರುತ್ತದೆ. ಬೆರಳಿಗೆ ಅಂಟಂಟು ಕಪ್ಪು ಹತ್ತಿದರೆ ಅದು ಕರಗಿದೆ, ಅಲ್ಲಿಂದ ಬೆಳಕು ಸೋರುತ್ತದೆ. ಇದಕ್ಕೆ ಹೆದರಿ ಕ್ಯಾಮರಾ ಬಿಡಬೇಡಿ. ಈ ವಯಸ್ಸಿನ ಹೆಚ್ಚಿನವುಗಳಲ್ಲಿ ಕರಗಿಯೇ ಇರುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿ ತೆಗೆದು, ಬಾಗಿಲಿನ ಸಂದಿಗೆ ಕಪ್ಪು ಉಲನ್ ದಾರ ಅಂಟಿಸಿದರೂ ಕೆಲಸ ನಡೆಯುತ್ತದೆ. ಕನ್ನಡಿಯನ್ನು ಮಾತ್ರ ಒರೆಸಲು ಹೋಗಬೇಡಿ, ಅದರ ಹೊಳೆಯುವ ಲೇಪ ಮೇಲುಮೇಲಕ್ಕೇ ಇದೆ, ಗೀರು ಬೀಳುತ್ತದೆ.

ಕೆಳಗಿನ ಬ್ಯಾಟರಿ ಮುಚ್ಚಳವನ್ನು ನಾಣ್ಯದಿಂದ ತಿರುಗಿಸಿ ತೆಗೆಯಿರಿ. ಹಸಿರೋ ಬಿಳಿಯೋ ಪುಡಿ ಕಟ್ಟಿದ್ದರೆ ಹಳೇ ಸೆಲ್ ಸೋರಿದೆ. ಸ್ವಲ್ಪವೇ ಇದ್ದರೆ ವಿನಿಗರ್ ಹಚ್ಚಿದ ಇಯರ್ ಬಡ್ ಸಾಕು. ಮುಚ್ಚಳ ಬಿಚ್ಚಲೇ ಬಾರದಿದ್ದರೆ ಮೀಟರನ್ನು ಮರೆತುಬಿಡಿ.

ಕೊನೆಗೆ ಅಂಗಳಕ್ಕೆ ಬನ್ನಿ. ನಮಗೆ ಬೆಟ್ಟಕ್ಕೇನು ಬರವೇ? ದೂರದ ಬೆಟ್ಟದ ಅಂಚಿಗೆ ಫೋಕಸ್ ಮಾಡಿ. ವ್ಯೂಫೈಂಡರಿನಲ್ಲಿ ಅಂಚು ಸ್ಪಷ್ಟ ಆದಾಗ ಲೆನ್ಸಿನ ರಿಂಗ್ ಅಡ್ಡ ಎಂಟರ (∞) ಗುರುತಿನಲ್ಲಿ ನಿಂತಿರಬೇಕು. ಹಾಗಿಲ್ಲದಿದ್ದರೆ ಕನ್ನಡಿಯೋ ಲೆನ್ಸೋ ಜಾಗ ತಪ್ಪಿದೆ. ಯಾರೋ ಬಿಚ್ಚಿ ಸರಿಯಾಗಿ ಜೋಡಿಸದ ಕ್ಯಾಮರಾ ಅದು, ವಾಪಸ್ ಕೊಟ್ಟುಬಿಡಿ.

6. ಲೆನ್ಸ್ ಒಂದೇ ಸಾಕು

50 ಎಂಎಂ, ಎಫ್2 ಅಥವಾ ಎಫ್1.8 (ಎಫ್ ಅಂದರೆ ಅಪರ್ಚರ್ ನಂಬರು, ಚಿಕ್ಕದಾದಷ್ಟೂ ಬೆಳಕು ಜಾಸ್ತಿ). ಮೊದಲ ವರ್ಷಕ್ಕೆ ಬೇರೇನೂ ಬೇಡ. ಎಫ್ಎಂ10 ಜೊತೆ 35-70 ಝೂಮ್ ಬರುತ್ತದೆ, ಬಿಸಿಲಿಗೆ ಪರವಾಗಿಲ್ಲ, ಕಾಫಿ ತೋಟದೊಳಗೆ ಕತ್ತಲು. ಸಿಲ್ವರ್ ಓಕ್, ಬಳ್ಳಿ ಮೆಣಸು, ಅದರ ಕೆಳಗೆ ಕಾಫಿ; ಅಷ್ಟೆಲ್ಲ ದಾಟಿ ಕೆಳಗೆ ಬರುವ ಬೆಳಕು ಕಣ್ಣಿಗೆ ಕಾಣುವುದಕ್ಕಿಂತ ತುಂಬ ಕಡಿಮೆ. ಕಡಿಮೆ ಬೆಳಕಿಗೂ ಆಗುವ 400 ಐಎಸ್ಒ ರೋಲ್ ಹಾಕಿದರೂ ಎಷ್ಟೋ ಕಡೆ ಎಫ್4, 1/60ರ ಹತ್ತಿರ ಬಂದು ನಿಲ್ಲಬೇಕಾಗುತ್ತದೆ. ಮೋಡ ಬಂತೋ, ಎಫ್2 ಇಲ್ಲದೆ ಗತಿಯಿಲ್ಲ. ದೂರದ ಆನೆಗೆ ಟೆಲಿ ಲೆನ್ಸ್ ಬೇಕು ಅನ್ನುವವರು ಮೊದಲು ಹತ್ತು ರೋಲ್ ಮುಗಿಸಲಿ. ಆನೆ ಎಲ್ಲೂ ಹೋಗುವುದಿಲ್ಲ, ಅದೇ ತೋಟಕ್ಕೆ ಬರುತ್ತದೆ.

ಸೆಟ್ಟಿಗೆ ಇನ್ನು ಬೇಕಾದದ್ದು ಕುತ್ತಿಗೆಗೆ ಹಾಕುವ ಒಂದು ಗಟ್ಟಿ ಪಟ್ಟಿ, ಲೆನ್ಸಿನ ಮುಚ್ಚಳ, ಗಾಳಿ ಊದುವ ರಬ್ಬರ್ ಬ್ಲೋವರ್, ಒಂದು ಜೋಡಿ ಎಕ್ಸ್‌ಟ್ರಾ ಸೆಲ್. ಮಳೆಗಾಲದಲ್ಲಿ ತೋಟದೊಳಗೆ ಹೋಗುವುದಾದರೆ ರೋಲನ್ನು ಮನೆಯಲ್ಲೇ ಹಾಕಿಕೊಂಡು ಹೋಗಿ. ಒಂದು ಕೈಯಲ್ಲಿ ಬಾಗಿಲು ತೆರೆದ ಕ್ಯಾಮರಾ, ಇನ್ನೊಂದರಲ್ಲಿ ರೋಲ್ ಇದ್ದಾಗ ಕಾಲಿಗೆ ಹತ್ತಿದ ಜಿಗಣೆ ಕೀಳಲು ಮೂರನೇ ಕೈ ಇರುವುದಿಲ್ಲ.

7. ತಂದ ದಿನವೇ ಡಬ್ಬ

ಕ್ಯಾಮರಾ ಜೊತೆ ಬಂದ ಚರ್ಮದ ಕೇಸನ್ನು ಬೇರೆ ಇಡಿ. ಚರ್ಮ ತೇವ ಹಿಡಿದುಕೊಳ್ಳುತ್ತದೆ, ಬೂಷ್ಟಿಗೆ ಅದೇ ಊಟ. ರಬ್ಬರ್ ಅಂಚಿರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ತಗೊಂಡು ಒಳಗೆ ಸಿಲಿಕಾ ಜೆಲ್, ತೇವದ ಮೀಟರ್ ಇಡಿ. ಮೀಟರ್ 40ರಿಂದ 50 ಪರ್ಸೆಂಟ್ ತೋರಿಸುತ್ತಿದ್ದರೆ ನಿಶ್ಚಿಂತೆ. 60 ದಾಟಿದರೆ ಜೆಲ್ ಸುಸ್ತಾಗಿದೆ. ನೀಲಿ ಗುಳಿಗೆಗಳು ಗುಲಾಬಿ ಬಣ್ಣಕ್ಕೆ ತಿರುಗಿರುತ್ತವೆ. ಸಣ್ಣ ಉರಿಯಲ್ಲಿ ಹಳೇ ಬಾಣಲೆಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ ಆಗುತ್ತವೆ. ಅಡುಗೆಯ ಬಾಣಲೆ ಬಳಸಬೇಡಿ, ಆ ನೀಲಿ ಬಣ್ಣದ ಕೋಬಾಲ್ಟ್ ವಿಷ.

ಬೀರುವಿನೊಳಗೆ ಸಣ್ಣ ಬಲ್ಬ್ ಉರಿಸಿಡುವವರಿದ್ದಾರೆ. ವಿಧಾನ ತಪ್ಪಲ್ಲ, ಆದರೆ ಜುಲೈಯಲ್ಲಿ ಗಾಳಿ ಬೀಸಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಿದ್ದಾಗ? ಡಬ್ಬಕ್ಕೆ ಕರೆಂಟ್ ಬೇಡ. ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿ ಇಡುವುದೂ ಬೇಡ. ಹೊಗೆ ಗಾಜಿಗೆ ಹತ್ತುತ್ತದೆ, ಬಿಸಿಗೆ ಲೆನ್ಸಿನೊಳಗಿನ ಎಣ್ಣೆ ಇಳಿಯುತ್ತದೆ.

ಮಂಜಿನಲ್ಲಿ ಸುತ್ತಿ ಬೆಚ್ಚಗಿನ ಮನೆಯೊಳಗೆ ಬಂದ ಕೂಡಲೇ ಬ್ಯಾಗಿನಿಂದ ತೆಗೆಯಬೇಡಿ. ತಣ್ಣಗಿನ ಗಾಜಿಗೆ ನೀರು ಕೂರುತ್ತದೆ. ಅರ್ಧ ಗಂಟೆ ಬ್ಯಾಗಿನಲ್ಲೇ ಇರಲಿ, ಆಮೇಲೆ ಒರೆಸಿ ಡಬ್ಬಕ್ಕೆ.

8. ಮೊದಲ ರೋಲ್ ಪರೀಕ್ಷೆಗೆ

ಸ್ಟುಡಿಯೋ ಅಣ್ಣ ಪ್ರೀತಿಯಿಂದ ಕೊಟ್ಟ ಹಳೇ ಎಕ್ಸ್‌ಪೈರ್ಡ್ ರೋಲನ್ನು ಇದಕ್ಕೆ ಹಾಕಬೇಡಿ. ಫೋಟೋ ಕೆಟ್ಟರೆ ತಪ್ಪು ರೋಲಿನದೋ ಕ್ಯಾಮರಾದ್ದೋ ಗೊತ್ತೇ ಆಗುವುದಿಲ್ಲ. ಕೊಡಾಕ್ ಗೋಲ್ಡ್ 200 ಅಥವಾ ಅಲ್ಟ್ರಾಮ್ಯಾಕ್ಸ್ 400 ತಗೊಳ್ಳಿ. ಕಪ್ಪು-ಬಿಳುಪಾದರೆ ಇಲ್ಫರ್ಡ್ ಎಚ್‌ಪಿ5 ಅಥವಾ ಕೆಂಟ್‌ಮಿಯರ್ 400. ಐಎಸ್ಒ ಡಯಲನ್ನು ರೋಲಿನ ನಂಬರಿಗೆ ಇಡಿ. ರೋಲ್ ಹಾಕಿ ಫಿಲ್ಮ್ ಮುಂದೂಡುವ ಲಿವರ್ ಎಳೆಯುವಾಗ ಎಡಗಡೆಯ ರಿವೈಂಡ್ ಗುಂಡಿ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಸಿಕ್ಕಿಕೊಂಡಿಲ್ಲ, 36 ಸಲ ಒತ್ತಿದರೂ ಖಾಲಿಯೇ.

ಬಿಸಿಲಿನ ದಿನ, ಕಾಫಿ ಒಣಗಿಸುವ ಕಣ ಒಳ್ಳೆಯ ಜಾಗ. ನೆರಳಿಲ್ಲ, ಬೆಳಕು ಒಂದೇ ಸಮ. ಎಫ್16, 400ರ ರೋಲಾದರೆ 1/500. ಇಲ್ಲಿಂದ ಶುರುಮಾಡಿ, ಒಂದೇ ದೃಶ್ಯವನ್ನು 1/1000ಕ್ಕೆ ಎಫ್11, 1/250ಕ್ಕೆ ಎಫ್22 ಇಟ್ಟು ತೆಗೆಯಿರಿ. ಎಫ್22 ಇಲ್ಲದ ಲೆನ್ಸಾದರೆ ನೆರಳಿಗೆ ಬಂದು ನಿಧಾನದ ಸ್ಪೀಡುಗಳನ್ನು ನೋಡಿ. ಒಂದು ಫೋಟೋ ಬೆಟ್ಟದ ತುದಿಗೆ, ಒಂದು ಅರ್ಧ ಮೀಟರ್ ದೂರದ ಹೂವಿಗೆ, ಒಂದು ಸೂರ್ಯನಿಗೆ ಓರೆಯಾಗಿ. ಯಾವುದನ್ನು ಎಷ್ಟರಲ್ಲಿ ತೆಗೆದದ್ದು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಉಳಿದ ಫ್ರೇಮುಗಳಲ್ಲಿ ಮೀಟರಿನ ಬುದ್ಧಿ ಅರ್ಥ ಮಾಡಿಕೊಳ್ಳಿ. ಅದು ಏನು ಕಂಡರೂ ನಡು ಬೂದು ಬಣ್ಣಕ್ಕೆ ತರಲು ನೋಡುತ್ತದೆ. ರಾಜಾಸೀಟಿನಲ್ಲಿ ಮಂಜು ತುಂಬಿದಾಗ ಮೀಟರ್ ಹೇಳಿದ ಹಾಗೆ ತೆಗೆದರೆ ಬಿಳಿ ಮಂಜು ಕೊಳಕು ಬೂದಿ ಆಗುತ್ತದೆ. ಅಲ್ಲಿ ಒಂದು ಸ್ಟಾಪ್ ಜಾಸ್ತಿ (ಎರಡು ಪಟ್ಟು) ಬೆಳಕು ಕೊಡಿ, ಅಂದರೆ 1/250 ತೋರಿಸಿದರೆ 1/125 ಇಡಿ. ಪುತ್ತರಿ ಹಬ್ಬಕ್ಕೆ ಕಪ್ಪು ಕುಪ್ಯ (ಕೊಡವರ ನಿಲುವಂಗಿ) ತೊಟ್ಟು ನಿಂತವರನ್ನು ಹತ್ತಿರದಿಂದ ತೆಗೆಯುವಾಗ ಉಲ್ಟಾ. ಕುಪ್ಯದ ಕಪ್ಪು ನೋಡಿ ಮೀಟರ್ ಕತ್ತಲೆ ಅಂದುಕೊಂಡು ಬೆಳಕು ಸುರಿಯುತ್ತದೆ, ಮುಖ ಬಿಳಿಚುತ್ತದೆ. ನಿಮ್ಮ ಅಂಗೈಯನ್ನು ಅದೇ ಬೆಳಕಿನಲ್ಲಿ ಹಿಡಿದು ಅಳೆದು, ಒಂದು ಸ್ಟಾಪ್ ತೆರೆಯುವುದು ಸುಲಭದ ಉಪಾಯ. ಸಂಶಯ ಬಂದರೆ ಬೆಳಕು ಜಾಸ್ತಿ ಕಡೆಗೇ ಹೋಗಿ. ನೆಗೆಟಿವ್ ಫಿಲ್ಮ್ ಜಾಸ್ತಿ ಬೆಳಕನ್ನು ತಡೆದುಕೊಳ್ಳುತ್ತದೆ, ಕಮ್ಮಿಯಾದರೆ ನೆರಳಿನಲ್ಲಿ ಏನೂ ಉಳಿಯುವುದಿಲ್ಲ.

ತೊಳೆಯಲು ಹತ್ತಿರದ ಸ್ಟುಡಿಯೋದಲ್ಲಿ ಕೇಳಿ ನೋಡಿ. ಆಗದಿದ್ದರೆ ಬೆಂಗಳೂರಿನ ಲ್ಯಾಬಿಗೆ ಕೊರಿಯರ್. ಕಳಿಸುವಾಗಲೇ "ನೆಗೆಟಿವ್ ವಾಪಸ್ ಬೇಕು" ಅಂತ ಚೀಟಿ ಹಾಕಿ. ಸ್ಕ್ಯಾನ್ ಫೈಲ್ ಮಾತ್ರ ಬಂದರೆ ಕ್ಯಾಮರಾದ ತಪ್ಪು ಹುಡುಕಲು ಆಗುವುದಿಲ್ಲ.

ನೆಗೆಟಿವ್ ಬಂದ ಮೇಲೆ ಕಿಟಕಿಗೆ ಹಿಡಿದು ನೋಡಿ. ಚೌಕಟ್ಟಿನ ಆಚೆ, ಹಲ್ಲಿನ ತೂತುಗಳ ತನಕ ಕಪ್ಪು ಪಟ್ಟೆ ಹರಿದಿದ್ದರೆ ಬಾಗಿಲಿನ ಸ್ಪಂಜು ಸೋರುತ್ತಿದೆ. ಕಲರ್ ಸ್ಕ್ಯಾನಿನಲ್ಲಿ ಇದೇ ಕಿತ್ತಳೆ ಬಣ್ಣದ ಪಟ್ಟೆಯಾಗಿ ಕಾಣುತ್ತದೆ. ಸ್ಪಂಜು ಬದಲಿಸಿದರೆ ಮುಗಿಯಿತು. ಫ್ರೇಮುಗಳ ನಡುವಿನ ಸಂದು ಒಂದೇ ಸಮ ಇರಬೇಕು. ಒಂದರ ಮೇಲೊಂದು ಹತ್ತಿದ್ದರೆ ಲಿವರಿನ ಗಿಯರ್ ಸವೆದಿದೆ, ಇದು ದುಬಾರಿ ರಿಪೇರಿ. ಮಾರಿದವರಿಗೆ ಫೋನ್ ಮಾಡಬೇಕಾದ ತಪ್ಪು ಇದು, ಅದಕ್ಕೇ ಪರೀಕ್ಷೆಯ ರೋಲನ್ನು ಕೊಂಡ ವಾರದೊಳಗೆ ಮುಗಿಸಿ ಕಳಿಸಬೇಕು. 1/1000ದ ಫೋಟೋದಲ್ಲಿ ಮಾತ್ರ ಒಂದು ಬದಿ ಕತ್ತಲು, ಉಳಿದವೆಲ್ಲ ಸರಿ ಇದ್ದರೆ ಶಟರಿನ ಎರಡು ಪರದೆಗಳು ಹೊಂದಿಕೊಂಡು ಓಡುತ್ತಿಲ್ಲ. ಅದಕ್ಕಾಗಿ ಬೆಂಗಳೂರಿಗೆ ಹೊತ್ತುಕೊಂಡು ಹೋಗಬೇಡಿ. ಆ ಸ್ಪೀಡನ್ನು ಬಿಟ್ಟು 1/500ರ ಒಳಗೇ ನಡೆಸಿ. ಜೂನ್ ಬಂದ ಮೇಲೆ ನಮ್ಮ ಊರಿನಲ್ಲಿ 1/1000 ಇಡುವಷ್ಟು ಬೆಳಕು ಎಲ್ಲಿರುತ್ತದೆ? ರಿಪೇರಿಯ ದುಡ್ಡಿಗೆ ಇನ್ನೊಂದು ರೋಲ್ ಬರುತ್ತದೆ.